ಶಾರ್ಕನ್ನು ಮರಳಿಗೆ ಎಳೆಯಬೇಡಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಅನಿವಾಸಿ ಕನ್ನಡಿಗರ ಪುಟದಲ್ಲಿ ಒಂದು ಫೋಟೊ ಬಂದಿತ್ತು. ಫ್ಲಾರಿಡಾದ ಬೀಚಿನಲ್ಲಿ ಇಬ್ಬರು ಹುಡುಗರು ಸುತ್ತಿಗೆಯಂಥ ತಲೆಯ ದೊಡ್ಡ ಹ್ಯಾಮರ್‌ಹೆಡ್ ಶಾರ್ಕಿನ ಪಕ್ಕ ಮಂಡಿಯೂರಿ ಕೂತಿದ್ದರು. ಒಬ್ಬ ಅದರ ತಲೆ ಎತ್ತಿ ಹಿಡಿದಿದ್ದ. ಹಿಡಿದ ಮೇಲೆ ಮತ್ತೆ ಕಡಲಿಗೆ ಬಿಟ್ಟರು ಎಂದು ಕೆಳಗೆ ಬರೆದಿತ್ತು. ಓದಿದವರಿಗೆ ಒಳ್ಳೆಯ ಕೆಲಸ ಅನ್ನಿಸಿರಬಹುದು. ನನಗೆ ಮಾತ್ರ ಹೊಟ್ಟೆ ಕಿವುಚಿದ ಹಾಗಾಯಿತು. ಮೀನು ಮಲಗಿದ್ದದ್ದು ಒಣ ಮರಳಿನ ಮೇಲೆ.

ನಾನು ಮಲ್ಪೆಯವನು. ಹದಿನಾಲ್ಕು ವರ್ಷದಿಂದ ಫ್ಲಾರಿಡಾದ ಟ್ಯಾಂಪಾದಲ್ಲಿದ್ದೇನೆ. ನಮ್ಮ ಕಡೆ ಶಾರ್ಕಿಗೆ ತಾಟೆ ಅನ್ನುತ್ತೇವೆ. ಅಪ್ಪ ದೋಣಿಗೆ ಹೋಗುತ್ತಿದ್ದರು. ಅಕ್ಕನ ಬಾಣಂತನದಲ್ಲಿ ಅಮ್ಮ ಮರಿ ತಾಟೆಯ ಸಾರು ಮಾಡಿ ಬಡಿಸಿದ್ದರು. ಹಾಗಾಗಿ ಮೀನು ಹಿಡಿಯುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಇಲ್ಲೂ ರಜೆ ಸಿಕ್ಕರೆ ಗಾಳ ಹಿಡಿದು ಹೊರಡುತ್ತೇನೆ. ಇಲ್ಲಿ ಒಬ್ಬರು ದಿನಕ್ಕೆ ಒಂದು ಶಾರ್ಕ್ ಮನೆಗೆ ಒಯ್ಯಬಹುದು. ಬ್ಲ್ಯಾಕ್‌ಟಿಪ್ ಎಂಬ ಜಾತಿಯ ಶಾರ್ಕ್ ಸಾರಿಗೆ ಚೆನ್ನಾಗಿಯೇ ಇರುತ್ತದೆ. ಆದರೆ ಬಿಡುತ್ತೇನೆ ಅಂತ ಹಿಡಿದ ಮೀನನ್ನು ಬದುಕುವ ಹಾಗೆ ಬಿಡಬೇಕು ಅಲ್ವಾ?

ಹ್ಯಾಮರ್‌ಹೆಡ್ ಗಾಳಕ್ಕೆ ಸಿಕ್ಕರೆ ಪ್ರಾಣ ಹೋಗುವವರೆಗೂ ಎಳೆಯುತ್ತದೆ. ದಡಕ್ಕೆ ಬರುವಾಗ ಅದರ ಶಕ್ತಿ ಪೂರ್ತಿ ಇಂಗಿರುತ್ತದೆ. ಈಜುತ್ತಿದ್ದರೆ ಮಾತ್ರ ಅದರ ಕಿವಿರಿಗೆ ನೀರು ಹರಿಯುತ್ತದೆ, ನಿಂತರೆ ಉಸಿರು ಕಟ್ಟುತ್ತದೆ. ಶಾರ್ಕಿಗೆ ಪಕ್ಕೆಲುಬು ಇಲ್ಲ. ನೀರಿನಿಂದ ಹೊರಗೆ ಬಂದರೆ ಅದರ ಭಾರವೇ ಅದರ ಒಳಗಿನ ಅಂಗಗಳನ್ನು ಒತ್ತುತ್ತದೆ. ಎರಡು ವರ್ಷದ ಹಿಂದೆ ಮೇ ತಿಂಗಳ ಒಂದು ರಾತ್ರಿ ನಾನು ಇದನ್ನು ಹತ್ತಿರದಿಂದ ನೋಡಿದೆ. ನಾಲ್ಕೈದು ಜನ ಸೇರಿ ಮೀನನ್ನು ಬಾಲ ಹಿಡಿದು ಎಳೆದು ತಂದರು. ತಲೆಗೆ ಕಟ್ಟಿದ ಟಾರ್ಚಿನ ಬೆಳಕಿನಲ್ಲಿ ಅದರ ಒಂದು ಕಣ್ಣಿಗೆ ಮರಳು ಮೆತ್ತಿಕೊಂಡದ್ದು ಕಾಣುತ್ತಿತ್ತು. ಕಿವಿರು ತೆರೆದು ಮುಚ್ಚುತ್ತಿತ್ತು, ಆಮೇಲಾಮೇಲೆ ನಿಧಾನವಾಯಿತು. ಒಬ್ಬೊಬ್ಬರ ಫೋಟೊ ಆದ ಮೇಲೆ ಮೊಣಕಾಲುದ್ದ ನೀರಿಗೆ ತಳ್ಳಿದರು. ಅದು ಹೊಟ್ಟೆ ಮೇಲಾಗಿ ಮಗುಚಿತು. ಒಬ್ಬ ನೇರ ಮಾಡಿದ. ಸ್ವಲ್ಪ ಹೊತ್ತಿಗೆ ಕತ್ತಲಲ್ಲಿ ಎಲ್ಲೋ ಹೋಯಿತು. ‘ಹೋಯ್ತು, ಹೋಯ್ತು’ ಅಂತ ಎಲ್ಲರೂ ಚಪ್ಪಾಳೆ ತಟ್ಟಿದರು. ಹೀಗೆ ಹೋದ ಹ್ಯಾಮರ್‌ಹೆಡ್ ಆಮೇಲೆ ಸಾಯುವುದು ಜಾಸ್ತಿ.

ಫ್ಲಾರಿಡಾದ ನೀರಿನಲ್ಲಿ 2012ರಿಂದ ಗ್ರೇಟ್ ಹ್ಯಾಮರ್‌ಹೆಡ್ ಎಂಬ ದೊಡ್ಡ ಜಾತಿಯನ್ನು ಹಿಡಿದು ಇಟ್ಟುಕೊಳ್ಳುವಂತಿಲ್ಲ. 2019ರ ಜುಲೈ 1ರಿಂದ ಇಂಥ ನಿಷೇಧಿತ ಶಾರ್ಕನ್ನು ನೀರಿನಿಂದ ಹೊರಗೆ ಎಳೆಯುವುದೂ ತಪ್ಪು. ದೋಣಿಯಲ್ಲಿದ್ದರೂ ಅಷ್ಟೇ. ದಡದಿಂದ ಶಾರ್ಕ್ ಹಿಡಿಯುವವರು ಆನ್‌ಲೈನ್ ಪಾಠ ಮುಗಿಸಿ ಪರ್ಮಿಟ್ ತೆಗೆದುಕೊಳ್ಳಬೇಕು. ಅದಕ್ಕೆ ದುಡ್ಡಿಲ್ಲ. ಬೀಚಿನಿಂದ ನೀರಿಗೆ ಮೀನಿನ ಚೂರು, ರಕ್ತ ಸುರಿದು ಶಾರ್ಕ್ ಕರೆಯುವಂತಿಲ್ಲ. ಗಾಳ ತುಂಡರಿಸುವ ಕಟರ್ ಕೈಯಲ್ಲಿರಬೇಕು. ಬೇಸಿಗೆಯಲ್ಲಿ ಮಕ್ಕಳನ್ನು ನೋಡಲು ಊರಿನಿಂದ ಬರುವ ನಮ್ಮವರಿಗೆ ಇದು ಗೊತ್ತಿರುವುದಿಲ್ಲ. ಕರೆದುಕೊಂಡು ಹೋಗುವವರೂ ಎಷ್ಟೋ ಸಲ ಹೇಳುವುದಿಲ್ಲ.

ಋತುವಿನ ಲೆಕ್ಕವೂ ಬೇಕು. ಜನವರಿಯಿಂದ ಮಾರ್ಚ್‌ವರೆಗೆ ಅಟ್ಲಾಂಟಿಕ್ ಕಡೆ, ಪಾಮ್ ಬೀಚಿನ ದಡದಲ್ಲಿ, ಬ್ಲ್ಯಾಕ್‌ಟಿಪ್‌ಗಳು ಸಾವಿರಗಟ್ಟಲೆ ಸೇರುತ್ತವೆ. ವಿಮಾನದಿಂದ ನೋಡಿದರೆ ಕಪ್ಪು ಚುಕ್ಕೆ ಚೆಲ್ಲಿದ ಹಾಗೆ ಕಾಣುತ್ತವೆ. ನೀರು ಬಿಸಿಯಾಗುತ್ತಿದ್ದ ಹಾಗೆ ಉತ್ತರಕ್ಕೆ, ಜಾರ್ಜಿಯಾ, ಕ್ಯಾರೊಲಿನಾ ಕಡೆ ಹೋಗುತ್ತವೆ. ಟ್ಯಾಂಪಾ ಇರುವ ನಮ್ಮ ಮೆಕ್ಸಿಕೊ ಕೊಲ್ಲಿಯ ಕಡೆ ಕಥೆ ಬೇರೆ. ಏಪ್ರಿಲ್ ಬಂದರೆ ಈ ಕಡೆಯ ಬೋಕಾ ಗ್ರಾಂಡ್ ಎಂಬ ಊರಿನ ನೀರಿಗೆ ಟಾರ್ಪನ್ ಮೀನು ಬರುತ್ತದೆ, ಅದರ ಬೆನ್ನಿಗೆ ಹ್ಯಾಮರ್‌ಹೆಡ್ ಬರುತ್ತದೆ. ಮೇ, ಜೂನ್ ಹೊತ್ತಿಗೆ ಟ್ಯಾಂಪಾ ಕೊಲ್ಲಿಯ ಟೆರಾ ಸಿಯಾ ಎಂಬ ಆಳವಿಲ್ಲದ ನೀರಿನಲ್ಲಿ ಬ್ಲ್ಯಾಕ್‌ಟಿಪ್ ತಾಯಂದಿರು ಮರಿ ಹಾಕುತ್ತವೆ. ಸುಮಾರು ಹನ್ನೊಂದು ತಿಂಗಳು ಹೊತ್ತು ಹೆರುವ ಮರಿ, ಅದೂ ಎರಡು ವರ್ಷಕ್ಕೊಮ್ಮೆ. ಒಂದು ಸಲಕ್ಕೆ ಬೆರಳೆಣಿಕೆಯಷ್ಟೇ. ಮರಿಗಳು ಬೇಸಿಗೆಯೆಲ್ಲ ಅಲ್ಲೇ ಇರುತ್ತವೆ. ಜುಲೈ, ಆಗಸ್ಟ್‌ನಲ್ಲಿ ನೀರಿಗೆ ಕೈಯಿಟ್ಟರೆ ಬೆಚ್ಚಗಿರುತ್ತದೆ. ಬಿಸಿ ನೀರಲ್ಲಿ ಆಮ್ಲಜನಕ ಕಡಿಮೆ, ಮೀನು ಬೇಗ ಸೋಲುತ್ತದೆ. ನಮ್ಮವರು ಗಾಳ ಹಿಡಿದು ಬರುವುದು ಸರಿಯಾಗಿ ಈ ತಿಂಗಳುಗಳಲ್ಲೇ.

ಮಲ್ಪೆಯಲ್ಲಿ ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳು ದಡದಲ್ಲೇ ನಿಲ್ಲುತ್ತವೆ. ಹೊಟ್ಟೆಪಾಡಿಗೆ ಹಿಡಿಯುವವರೇ ಕಾಯುತ್ತಾರೆ. ಖುಷಿಗೆ ಹಿಡಿಯುವವರು ಮೊಣಕಾಲುದ್ದ ನೀರಲ್ಲಿ ನಿಂತು ಗಾಳ ತುಂಡರಿಸಲಾರರೇ? ಸುಮ್ನೆ ಎರಡು ನಿಮಿಷದ ಕೆಲಸ. ಮೊದಲ ವರ್ಷ ನಾನೂ ಒಂದು ಬ್ಲ್ಯಾಕ್‌ಟಿಪ್ಪನ್ನು ಮರಳಿಗೆ ತಂದು ಫೋಟೊ ತೆಗೆಸಿಕೊಂಡಿದ್ದೆ. ಅಪ್ಪನಿಗೆ ಕಳಿಸಿದೆ. ‘ಯಾಕೆ ಹೊರಗೆ ತಂದೆ?’ ಅಂತ ಅಷ್ಟೇ ಕೇಳಿದರು. ಆ ಫೋಟೊ ಇನ್ನೂ ನನ್ನ ಹತ್ತಿರ ಇದೆ, ಯಾರಿಗೂ ತೋರಿಸುವುದಿಲ್ಲ.

ಆ ಹುಡುಗರನ್ನು ಬೈಯಲು ಇದನ್ನು ಬರೆಯುತ್ತಿಲ್ಲ, ಅವರಿಗೆ ಯಾರೂ ಹೇಳಿರಲಿಕ್ಕಿಲ್ಲ. ಮುಂದಿನ ಸಲ ಇಂಥ ಫೋಟೊ ಬಂದರೆ, ಅಚ್ಚು ಹಾಕುವ ಮೊದಲು ಕಳಿಸಿದವರನ್ನು ಕೇಳಿ: ಯಾವ ಶಾರ್ಕ್, ಯಾವ ತಿಂಗಳು, ಕಿವಿರು ನೀರಲ್ಲಿತ್ತಾ?

— ಮಲ್ಪೆ ಮೂಲದ ಓದುಗ, ಟ್ಯಾಂಪಾ, ಫ್ಲಾರಿಡಾ