ಸಂಗೀತ ಪುಟಕ್ಕೆ ಇಂಥ ತಂಡಗಳೂ ಬೇಕು

ಮಾನ್ಯ ಸಂಪಾದಕರೇ,

ನಿಮ್ಮ ಪುರವಣಿಯ ಸಂಗೀತ ಪುಟದಲ್ಲಿ ಪಾಶ್ಚಾತ್ಯ ಸಂಗೀತವೆಂದರೆ ಪಾಪ್ ತಾರೆಯರ ಸುದ್ದಿಯಷ್ಟೇ ಬರುತ್ತಿರುವುದು ಬೇಸರದ ಸಂಗತಿ. 1992ರಲ್ಲಿ ಹುಟ್ಟಿ, ಅಮೆರಿಕದ ಡೆನ್ವರ್‌ನಲ್ಲಿ ನೆಲೆಗೊಂಡು, 2005ರಲ್ಲಿ ವಿಸರ್ಜನೆಗೊಂಡ ‘ಸಿಕ್ಸ್‌ಟೀನ್ ಹಾರ್ಸ್‌ಪವರ್’ನಂತಹ ತಂಡವನ್ನು ಕನ್ನಡದ ಓದುಗರಿಗೆ ಯಾರೂ ಸರಿಯಾಗಿ ಪರಿಚಯಿಸಿಲ್ಲ. ನಜರೀನ್ ಎಂಬ ಕ್ರೈಸ್ತ ಪಂಥದ ಬೋಧಕರೊಬ್ಬರ ಮೊಮ್ಮಗನಾದ ಗಾಯಕ ಡೇವಿಡ್ ಯುಜೀನ್ ಎಡ್ವರ್ಡ್ಸ್, ವೇದಿಕೆಯ ಮೇಲೆ ಕುಳಿತೇ, ಬ್ಯಾಂಜೊವನ್ನೋ ತಿದಿಯೊತ್ತಿ ನುಡಿಸುವ ಬ್ಯಾಂಡೊನಿಯನ್ನನ್ನೋ ಹಿಡಿದು, ಪಾಪ, ದೈವಭಯ ಮತ್ತು ಬಿಡುಗಡೆಯನ್ನು ಕುರಿತು ಹಾಡುತ್ತಿದ್ದ ರೀತಿ, ಏಕತಾರಿಯ ತತ್ವಪದಗಳನ್ನು ಕೇಳಿ ಬೆಳೆದ ನಮ್ಮ ಹಾಸನದ ಕಡೆಯವರಿಗೆ ಖಂಡಿತ ಅಪರಿಚಿತವೆನಿಸದು. 2000ರಲ್ಲಿ ಬಂದ ‘ಸೀಕ್ರೆಟ್ ಸೌತ್’ ಈ ತಂಡದ ಅತ್ಯುತ್ತಮ ಆಲ್ಬಂ ಎಂಬುದು ನನ್ನ ದೃಢ ಅಭಿಪ್ರಾಯ. ತಂಡದ ಡ್ರಮ್ ವಾದಕ ಜಾನ್-ಈವ್ ತೋಲಾ, ಬಾಸ್ ವಾದಕ ಪಾಸ್ಕಲ್ ಹುಂಬರ್ಟ್ ಇಬ್ಬರೂ ಫ್ರಾನ್ಸಿನವರು. ತವರಿಗಿಂತ ಯುರೋಪಿನಲ್ಲೇ ಈ ತಂಡಕ್ಕೆ ಹೆಚ್ಚು ಆದರ ದೊರೆಯಿತು. ರಾಜಕೀಯ ಹಾಗೂ ಆಧ್ಯಾತ್ಮಿಕ ಭಿನ್ನಾಭಿಪ್ರಾಯಗಳಿಂದ ಅವರು ಬೇರೆಯಾದ ಮೇಲೂ ಎಡ್ವರ್ಡ್ಸ್ ‘ವೋವನ್‌ಹ್ಯಾಂಡ್’ ಎಂಬ ತಮ್ಮ ಇನ್ನೊಂದು ತಂಡದ ಮೂಲಕ ಅದೇ ಹಾದಿಯಲ್ಲಿ ಮುಂದುವರಿದರು. ಗಿಟಾರ್ ಕಲಿಯುತ್ತಿರುವ ನಮ್ಮ ಜಿಲ್ಲೆಯ ಹುಡುಗ ಹುಡುಗಿಯರು ಇಂತಹ ಸಂಗೀತವನ್ನೂ ಅರಿಯುವಂತೆ, ತಿಂಗಳಿಗೊಮ್ಮೆಯಾದರೂ ಒಂದು ತಂಡದ ವಿವರವಾದ ಪರಿಚಯ ಲೇಖನವನ್ನು ಪ್ರಕಟಿಸಬೇಕೆಂದು ಕೋರುತ್ತೇನೆ.

– ಓದುಗ, ಹಾಸನ