ಹಲಗೆ ಹೊತ್ತು ಬಂದ ಅಣ್ಣನಿಗೆ

ಭಾನುವಾರ ಕಡಲಂಚಿನ ಜೌಗಿನಲ್ಲಿ ನಮ್ಮ ಹಕ್ಕಿ ವೀಕ್ಷಕರ ಗುಂಪಿಗೆ ನೆರವಾದ ಅಣ್ಣ, ಹೆಸರು ಕೇಳುವಷ್ಟರಲ್ಲಿ ನೀವು ಹೊರಟೇಬಿಟ್ಟಿರಿ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ವಸಂತದಲ್ಲಿ ಕರ್ಲ್ಯೂ ಸ್ಯಾಂಡ್‌ಪೈಪರ್ ಎಂಬ ವಲಸೆ ಹಕ್ಕಿಗಳು ಉತ್ತರ ಧ್ರುವದ ಕಡೆ ಹೊರಡುವ ಮುಂಚೆ ಬೂದು ಬಣ್ಣ ಬಿಟ್ಟು ಇಟ್ಟಿಗೆಯಂತೆ ಕೆಂಪಾಗುತ್ತವೆ. ಅದನ್ನು ನೋಡಲೆಂದೇ ಹೋಗಿದ್ದೆವು. ವಾಪಸ್ ಬರುವಾಗ ನಮ್ಮ ಹಿರಿಯರೊಬ್ಬರ ಕಾಲು ಮೊಣಕಾಲಿನವರೆಗೂ ಕೆಸರಲ್ಲಿ ಹೂತುಹೋಯಿತು. ಕಡಲ ಭರತ ಏರುತ್ತಿತ್ತು. ಎಳೆದಷ್ಟೂ ಕೆಸರು ಬಿಗಿಯಾಗುತ್ತಿತ್ತು. ನನಗಂತೂ ಎದೆ ಡವಡವ.

ನೀವು ದೂರದಿಂದ ಹಲಗೆ ಹೊತ್ತು ಬಂದಿರಿ. "ಎಳೀಬೇಡಿ, ಪಾದ ನಿಧಾನಕ್ಕೆ ಅಲ್ಲಾಡಿಸಿ, ನೀರು ಒಳಗೆ ಇಳಿಯಲಿ" ಅಂದಿರಿ. ಅವರ ಬೈನಾಕ್ಯುಲರ್ ತೆಗೆದು ನಿಮ್ಮ ಕೊರಳಿಗೆ ಹಾಕಿಕೊಂಡಿರಿ, ಕೆಸರು ತಾಗದಿರಲಿ ಅಂತ. ಹಲಗೆ ಮೇಲೆ ಅವರನ್ನು ಕೂರಿಸಿ, ಮೀನಖಂಡದ ಸುತ್ತ ಬೆರಳಿನಿಂದಲೇ ಕೆಸರು ಬಿಡಿಸಿದಿರಿ. ಸ್ವಲ್ಪವೂ ಗಡಿಬಿಡಿ ಇಲ್ಲ. ಕಾಲು ಹೊರಬಂದಾಗ ನನಗೆ ಅಳುವೇ ಬಂತು. ಕೆಸರಲ್ಲೇ ಉಳಿದ ಚಪ್ಪಲಿಯನ್ನೂ ಹುಡುಕಿ, ತೊಳೆದು, ಅವರ ಮುಂದಿಟ್ಟಿರಿ. ಯಾರು ಮಾಡ್ತಾರೆ ಇಷ್ಟೆಲ್ಲ?

ಅವರು ಚೆನ್ನಾಗಿದ್ದಾರೆ, ಕಾಲಿಗೆ ಏನೂ ಆಗಿಲ್ಲ. ನಿಮಗೆ ತಿಳಿಸಲು ಹೇಳಿದ್ದಾರೆ. ತುಂಬಾ ಥ್ಯಾಂಕ್ಸ್ ಅಣ್ಣ.