ಎಲ್ಲ ಚರ್ಚಿನಲ್ಲೂ ಏಳು ಗಂಟೆಗೇ ಪೂಜೆ ಏಕೆ?

ಮಾನ್ಯ ಸಂಪಾದಕರೇ,

ಡಿಸೆಂಬರ್ ಬಂತೆಂದರೆ ಬೆಂಗಳೂರಿನ ಕಥೋಲಿಕರ ಮನೆಗಳಲ್ಲಿ ಒಂದೇ ಪ್ರಶ್ನೆ: ಈ ಸಲ 24ರ ರಾತ್ರಿಯ ಕ್ರಿಸ್‌ಮಸ್ ಪೂಜೆ ಎಷ್ಟು ಗಂಟೆಗೆ? ಹಿರಿಯರಿಗೆ ಅದು ಹನ್ನೆರಡಕ್ಕೇ ಆಗಬೇಕು. ಚಿಕ್ಕ ಮಕ್ಕಳಿರುವವರಿಗೆ ಬೇಗ ಮುಗಿದಷ್ಟೂ ಒಳ್ಳೆಯದು. ಈಚೆಗೆ ಹಲವು ಕಡೆ ಗೆದ್ದಿರುವುದು ಏಳು, ಏಳೂವರೆ. ಅದಕ್ಕೆ ನನ್ನ ತಕರಾರಿಲ್ಲ. ಹನ್ನೆರಡೇ ಆಗಬೇಕೆಂಬ ಹಟ ವ್ಯಾಟಿಕನ್ನಿಗೂ ಇಲ್ಲ. 2009ರಲ್ಲಿ ಪೋಪ್ 16ನೇ ಬೆನೆಡಿಕ್ಟ್ ಅಲ್ಲಿನ ಪೂಜೆಯನ್ನು ರಾತ್ರಿ ಹತ್ತಕ್ಕೆ ತಂದರು.

ನನ್ನ ದೂರು ಬೇರೆ. ಅಕ್ಕಪಕ್ಕದ ಮೂರು ಚರ್ಚುಗಳೂ ಅದೇ ಏಳು ಗಂಟೆಯನ್ನೇ ಹಿಡಿದು ಕೂತರೆ ಪಾಳಿ ಕೆಲಸದವರು ಎಲ್ಲಿಗೆ ಹೋಗಬೇಕು? ನನ್ನ ಹೆಂಡತಿ ನರ್ಸ್. ಮಧ್ಯಾಹ್ನದ ಡ್ಯೂಟಿ ಮುಗಿಯುವುದು ರಾತ್ರಿ ಎಂಟಕ್ಕೆ. ಹ್ಯಾಂಡೋವರ್ ಕೊಟ್ಟು, ಯೂನಿಫಾರ್ಮ್ ಬದಲಿಸಿ, ಆಟೊ ಹಿಡಿದು ಬರುವಷ್ಟರಲ್ಲಿ ಒಂಬತ್ತು. ಆ ಹೊತ್ತಿಗೆ ಚರ್ಚಿನ ಅಂಗಳದಲ್ಲಿ ಗೋದಲಿಯ (ಯೇಸು ಹುಟ್ಟಿದ ಕೊಟ್ಟಿಗೆಯ ಪ್ರತಿಕೃತಿ) ಮುಂದೆ ಸೆಲ್ಫಿ ನಡೆದಿರುತ್ತದೆ. ಪೇಪರ್ ಲೋಟದಲ್ಲಿ ಕಾಫಿ, ಟಿಶ್ಯೂ ಮೇಲೆ ಒಂದು ತುಂಡು ಕೇಕು ಸಿಗುತ್ತದೆ. ಪೂಜೆ ಮಾತ್ರ ಸಿಗುವುದಿಲ್ಲ. ಮರುದಿನ ಬೆಳಿಗ್ಗೆ ಏಳೂವರೆ ಪೂಜೆಗೆ ಹೋಗೋಣವೆಂದರೆ ಎಂಟಕ್ಕೆ ಮತ್ತೆ ಡ್ಯೂಟಿ. ಹೋಟೆಲ್ ಅಡುಗೆಮನೆಯವರದು, ಸೆಕ್ಯೂರಿಟಿಯವರದು, ಕ್ಯಾಬ್ ಓಡಿಸುವವರದು ಇದೇ ಕಥೆ.

ಸಂಜೆ ಪೂಜೆ ಹುಟ್ಟಿದ್ದೇ ಇಂಥವರ ಸಲುವಾಗಿ ಎಂಬುದು ಅನೇಕರಿಗೆ ಗೊತ್ತಿಲ್ಲ. ಹಿಂದೆ ಪರಮಪ್ರಸಾದ, ಅಂದರೆ ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ, ಸ್ವೀಕರಿಸುವವರು ಮಧ್ಯರಾತ್ರಿಯಿಂದಲೇ ಉಪವಾಸ ಇರಬೇಕಿತ್ತು, ಹಾಗಾಗಿ ಪೂಜೆಯೆಂದರೆ ಬೆಳಗಿನದೇ. 1953ರಲ್ಲಿ ಪೋಪ್ 12ನೇ ಪಯಸ್ ಆ ನಿಯಮ ಸಡಿಲಿಸಿ, ಸಂಜೆ ನಾಲ್ಕರ ನಂತರ ಪೂಜೆಗೆ ಅವಕಾಶ ಕೊಟ್ಟರು. ಕಾರ್ಖಾನೆ, ಬಂದರುಗಳಲ್ಲಿ ಪಾಳಿಯ ಮೇಲೆ ದುಡಿಯುವವರ ಕಷ್ಟ ಅವರ ಲೆಕ್ಕದಲ್ಲಿತ್ತು. ಈಗಿನ, ಅಂದರೆ 1983ರ ಧರ್ಮಸಭೆಯ ಕಾನೂನು ಇನ್ನೂ ಉದಾರ. ಹಬ್ಬದ ದಿನ ಅಥವಾ ಹಿಂದಿನ ದಿನದ ಸಂಜೆ, ಯಾವ ಕಥೋಲಿಕ ಚರ್ಚಿನಲ್ಲಿ ಪೂಜೆಗೆ ಹೋದರೂ, ಭಾನುವಾರ ಮತ್ತು ಹಬ್ಬದಂದು ಪೂಜೆಗೆ ಹೋಗಬೇಕೆಂಬ ಕರ್ತವ್ಯ ಸಲ್ಲುತ್ತದೆ. ಶನಿವಾರ ಸಂಜೆಯ ಮದುವೆ ಪೂಜೆ ಭಾನುವಾರದ ಲೆಕ್ಕಕ್ಕೆ ಬರುತ್ತಾ ಎಂದು ಮದುವೆ ಊಟದ ಪಂಕ್ತಿಯಲ್ಲಿ ವಾದ ಮಾಡುವವರೇ, ಕೇಳಿ: ಬರುತ್ತದೆ. ಇಷ್ಟು ಬಾಗಿಲು ತೆರೆದಿಟ್ಟಿರುವಾಗ ಎಲ್ಲರೂ ಒಂದೇ ಬಾಗಿಲಲ್ಲಿ ನುಗ್ಗಬೇಕೇ?

ಕೇಳಿದರೆ ಮೊದಲು ಬರುವ ಉತ್ತರ, ‘ಹತ್ತರ ಮೇಲೆ ಪೊಲೀಸರು ಬಿಡುವುದಿಲ್ಲ’. ಇದು ಅರ್ಧ ಸತ್ಯ. 2000ದ ಶಬ್ದ ಮಾಲಿನ್ಯ ನಿಯಮ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ತಡೆಯುವುದು ಧ್ವನಿವರ್ಧಕವನ್ನು, ಪ್ರಾರ್ಥನೆಯನ್ನಲ್ಲ. ಹಬ್ಬಗಳಿಗೆಂದು ವರ್ಷದಲ್ಲಿ 15 ದಿನ ಮೀರದಂತೆ ಹನ್ನೆರಡರವರೆಗೆ ರಿಯಾಯಿತಿ ಕೊಡಲು ಸರ್ಕಾರಕ್ಕೆ ಅಧಿಕಾರವೂ ಇದೆ. ಅದೂ ಬೇಡ ಬಿಡಿ. ಅಂಗಳದಲ್ಲಿ ಪೆಂಡಾಲ್ ಹಾಕಿ ದೊಡ್ಡ ಸ್ಪೀಕರ್ ಇಡುವ ಪೂಜೆ ಏಳಕ್ಕೇ ಆಗಲಿ. ಹತ್ತೂವರೆಗೆ ಚರ್ಚಿನ ಒಳಗೆ, ಹೊರಗೆ ಸದ್ದು ಹೋಗದ ಹಾಗೆ ಇನ್ನೊಂದು ಪೂಜೆ ಮಾಡಲು ಏನಡ್ಡಿ? ಮೈಕ್ ಇಲ್ಲದೆಯೂ ಹಾಡಬಹುದು. ನಾನು ಚರ್ಚಿನ ಗಾಯನ ತಂಡದವನು, ಆ ಧೈರ್ಯದಿಂದಲೇ ಹೇಳುತ್ತಿದ್ದೇನೆ.

ಇನ್ನೊಂದು ದಾರಿಯೂ ಉಂಟು. ಕ್ರಿಸ್‌ಮಸ್‌ಗೆ ಪೂಜಾಗ್ರಂಥದಲ್ಲಿರುವುದು ಒಂದಲ್ಲ, ನಾಲ್ಕು ಪೂಜೆ: ಹಿಂದಿನ ಸಂಜೆಯದು, ರಾತ್ರಿಯದು, ಮುಂಜಾನೆಯದು, ಹಗಲಿನದು. ಮುಂಜಾನೆಯದನ್ನು ನಾವು ಹೆಚ್ಚುಕಡಿಮೆ ಮರೆತೇಬಿಟ್ಟಿದ್ದೇವೆ. ಅದರಲ್ಲಿ ಓದುವುದು ಕುರುಬರು ಬೆತ್ಲೆಹೇಮಿಗೆ ಓಡಿದ ಕಥೆ. ರಾತ್ರಿಯೆಲ್ಲ ಮಂದೆ ಕಾಯುತ್ತಿದ್ದವರು ಅವರು, ಅಂದರೆ ನೈಟ್ ಶಿಫ್ಟಿನವರೇ ಅಲ್ವಾ! ಬೆಳಿಗ್ಗೆ ಐದೂವರೆಗೆ ಅದನ್ನಿಟ್ಟರೆ ಕ್ಯಾಬಿನವರು ಗಾಡಿ ನಿಲ್ಲಿಸಿ ಬರುತ್ತಾರೆ, ಎಂಟಕ್ಕೆ ಡ್ಯೂಟಿ ಇರುವ ನನ್ನ ಹೆಂಡತಿಯೂ ಬರುತ್ತಾಳೆ.

ಈಸ್ಟರ್ ಮಾತು ಬೇರೆ. ಅಲ್ಲಿ ಗಡಿಯಾರ ಹಿಂದೆ ತಳ್ಳುವುದನ್ನು ನಾನು ಒಪ್ಪುವುದಿಲ್ಲ. ಪಾಸ್ಖ ಜಾಗರಣೆ, ಅಂದರೆ ಈಸ್ಟರ್ ಹಿಂದಿನ ರಾತ್ರಿಯ ಪೂಜೆ, ಕತ್ತಲಾದ ಮೇಲೇ ಶುರುವಾಗಬೇಕೆಂದು ರೋಮ್ 1988ರಲ್ಲಿ ಖಡಾಖಂಡಿತವಾಗಿ ಹೇಳಿದೆ. ಏಪ್ರಿಲ್‌ನಲ್ಲಿ ನಮ್ಮಲ್ಲಿ ಸೂರ್ಯ ಮುಳುಗುವುದೇ ಆರೂವರೆ ದಾಟಿ. ಆರಕ್ಕೆ ಹೊಸ ಬೆಂಕಿ ಹಚ್ಚಿ ‘ಕ್ರಿಸ್ತ ಜ್ಯೋತಿ’ ಎಂದು ಮೇಣದ ಬತ್ತಿ ಎತ್ತಿ ಹಿಡಿದರೆ ಬಿಸಿಲಲ್ಲಿ ಜ್ವಾಲೆಯೇ ಕಾಣುವುದಿಲ್ಲ.

ಗುರುಗಳು ಕಮ್ಮಿ, ಪೂಜೆ ಜಾಸ್ತಿ, ನಿಜ. ಹಬ್ಬದ ದಿನ ಒಬ್ಬರೇ ಎರಡು ಮೂರು ಪೂಜೆ ಮಾಡಿ ಸುಸ್ತಾಗುವುದನ್ನು ಕಂಡಿದ್ದೇನೆ. ಅದಕ್ಕೇ ಪ್ರತಿ ಚರ್ಚಿನಲ್ಲೂ ಜಾಸ್ತಿ ಪೂಜೆ ಬೇಕೆಂದು ಕೇಳುತ್ತಿಲ್ಲ. ಒಂದು ಡೀನರಿಯ (ಅಕ್ಕಪಕ್ಕದ ಚರ್ಚುಗಳ ಗುಂಪಿನ) ಗುರುಗಳು ನವೆಂಬರ್‌ನಲ್ಲೇ ಕೂತು ಹಂಚಿಕೊಳ್ಳಲಿ: ಒಂದು ಚರ್ಚಿನಲ್ಲಿ ಏಳಕ್ಕೆ, ಪಕ್ಕದ್ದರಲ್ಲಿ ಒಂಬತ್ತೂವರೆಗೆ, ಮತ್ತೊಂದರಲ್ಲಿ ಮುಂಜಾನೆ. ಆ ಪಟ್ಟಿಯನ್ನು ಎಲ್ಲ ಚರ್ಚುಗಳ ನೋಟಿಸ್ ಬೋರ್ಡಿನಲ್ಲೂ ಹಾಕಲಿ. ತಾವೂ ಹಬ್ಬದ ಹಿಂದಿನ ವಾರ ನಗರದ ಕಾರ್ಯಕ್ರಮಗಳ ಅಂಕಣದಲ್ಲಿ, ಕನ್ನಡ ಪೂಜೆ ಎಲ್ಲಿ, ಎಷ್ಟಕ್ಕೆ ಎಂದು ಪ್ರಕಟಿಸಿದರೆ ಡ್ಯೂಟಿ ಚಾರ್ಟ್ ನೋಡಿಕೊಂಡು ಹೊರಡುವವರಿಗೆ ತುಂಬಾ ಉಪಕಾರವಾಗುತ್ತದೆ.

ಇಂತಿ,
ಒಬ್ಬ ಓದುಗ, ಬೆಂಗಳೂರು